ಕಂಡಕ್ಟರ್ ಮಾಮನ ಮೊಗೆಕಾಯಿ

ಅವರ ಎಡ ಹೆಗಲು ಬಲಕ್ಕಿಂತ ತಗ್ಗಿತ್ತು. ಟಿಕೆಟ್ಟು, ಚಿಲ್ಲರೆ ತುಂಬಿದ ಚರ್ಮದ ಚೀಲ ವರ್ಷಗಟ್ಟಲೆ ಜಗ್ಗಿ ಹಾಗಾದದ್ದು. ಚೀಲವನ್ನು ಡಿಪೋಗೆ ಒಪ್ಪಿಸಿ ಮನೆಗೆ ಬಂದ ಮೇಲೂ ಆ ಹೆಗಲು ಮೇಲೇಳಲಿಲ್ಲ. ಬರಿಮೈಯಲ್ಲಿ ಹಿತ್ತಲಲ್ಲಿ ನಿಂತರೆ ಪಟ್ಟಿ ಉಜ್ಜಿದ ಜಾಗ ಹುಣಸೆ ಬೀಜದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಸೀಟಿ. ಬೆಳಕು ಹರಿಯುವ ಹೊತ್ತಿಗೆ ನವಿಲುಗಳು ಗದ್ದೆಯ ಬದುವಿನಿಂದ ಅವರ ತರಕಾರಿ ಮಡಿಗೆ ಇಳಿದವೋ, ಸೀಟಿ ಬಾಯಿಗೆ ಹೋಗುತ್ತಿತ್ತು. ನವಿಲು ತಲೆಯೆತ್ತಿ ನೋಡಿ, ಮತ್ತೆ ಬಗ್ಗಿ ಹೀಚು ಕುಕ್ಕುತ್ತಿತ್ತು. "ಹೋಲ್ಡಾನ್ ಅಂದ್ರೆ ತಿಳೂದಿಲ್ಲನಾ ನಿಂಗೆ?" ಎಂದು ಮಾಮ ಕೂಗುವುದು ಗೋಡೆಯಾಚೆಯ ನಮ್ಮ ಮನೆಗೆ ಕೇಳುತ್ತಿತ್ತು. ಅವರ್ಸಾ ಊರಿನ ನಮ್ಮ ಕೇರಿ ಏಳುತ್ತಿದ್ದದ್ದೇ ಆ ಕೂಗಿಗೆ.

ಆ ಸೀಟಿ ಅವರು ಬಸ್ಸಿನಲ್ಲಿ ಊದುತ್ತಿದ್ದದ್ದೇ ಎಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಅದರ ಮೇಲಿನ ಹಲ್ಲಿನ ಗುರುತು ಕೂಡ ನನಗೆ ನೆನಪಿದೆ, ನಾನು ಅಂಕೋಲೆಯ ಹೈಸ್ಕೂಲಿಗೆ ಅವರದೇ ಬಸ್ಸಿನಲ್ಲಿ ಹೋಗುತ್ತಿದ್ದಾಗಿನದು. ಮೊನ್ನೆ ಮಾಮಿ ಕೇಳಿ ನಕ್ಕುಬಿಟ್ಟರು. "ಡ್ಯೂಟಿ ಸೀಟಿ ಎಲ್ಲಿ ಬಂತೋ ತಮಾ? ಅದು ಅಂಕೋಲೆ ಪೇಟೇಲಿ ತಕಂಡದ್ದು. ನವಲು ಬರೂಕೆ ಶುರುವಾದ ಮೇಲೆ." ಧಾರವಾಡದಲ್ಲಿ ಓದುವಾಗ ಸಾಕ್ಷಿಯಿಲ್ಲದ ಮಾತು ನಂಬಬಾರದೆಂದು ಕಲಿತವನು ನಾನು. ನನ್ನ ತಲೆಯೊಳಗಿನ ಸಾಕ್ಷಿಯೇ ಹೀಗೆ ಕೈಕೊಟ್ಟರೆ ಯಾರನ್ನು ಕೇಳುವುದು? ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಆದಷ್ಟು ಹೇಳುತ್ತಾ ಹೋಗುತ್ತೇನೆ. ಸಿಟ್ಟು ಮಾತ್ರ ನನ್ನದೇ, ಅದರಲ್ಲಿ ಅನುಮಾನವಿಲ್ಲ.

ಸಿಟ್ಟು ಯಾಕೆಂದರೆ, ಅವರು ತೀರಿಕೊಂಡ ಮೇಲೆ ಊರಿನವರು ಅವರ ಬಗ್ಗೆ ಎರಡು ಮಾತು ಹೇಳತೊಡಗಿದರು. ಒಂದು, "ಅವರದು ಕೈಗುಣ. ಏನು ನೆಟ್ರೂ ಬರ್ತಿತ್ತು." ಇನ್ನೊಂದು, "ರಿಟೈರಾದ ಮೇಲೆ ಹವ್ಯಾಸಕ್ಕೆ ಅಂತ ಹಿತ್ತಲು ಮಾಡ್ಕಂಡಿದ್ರು." ಎರಡೂ ಹಸಿ ಸುಳ್ಳು. ಕೈಗುಣವಂತೆ! ಅವರ ಬದನೆ ಗಿಡ ಪ್ರತಿ ಬೇಸಿಗೆ ನಡುಹಗಲಲ್ಲಿ ಜೋತುಬಿದ್ದು ಸಾಯುತ್ತಿತ್ತು. ಮೆಣಸಿನ ಎಲೆ ಹಪ್ಪಳದ ಹಾಗೆ ಮುದುಡುತ್ತಿತ್ತು. ಬೆಂಡೆಯನ್ನು ಮಂಗ ಬಿಟ್ಟರೆ ಹಂದಿ, ಹಂದಿ ಬಿಟ್ಟರೆ ಹುಳ ತಿನ್ನುತ್ತಿತ್ತು. ಕೆಂಪು ಹರಿವೆ ಮತ್ತು ಬಸಳೆ ಮಾತ್ರ ತಪ್ಪದೆ ಬರುತ್ತಿದ್ದವು. ಅದು ಯಾರ ಹಿತ್ತಲಲ್ಲೂ ಬರುತ್ತದೆ. ಸತ್ತ ಬದನೆ ಗಿಡವನ್ನು ಬುಡಸಮೇತ ಕಿತ್ತು, ಬೇರನ್ನು ಮೂಗಿನ ಹತ್ತಿರ ಹಿಡಿದು, "ಟಿಕೇಟ್ ತೆಗೀದೇ ಇಳ್ದು ಹೋದ್ಯನಾ?" ಎಂದು ಅದಕ್ಕೆ ಬೈದು ಬೇಲಿಯಾಚೆ ಎಸೆಯುತ್ತಿದ್ದರು. ಬಳ್ಳಿ ಮಡಿ ಬಿಟ್ಟು ದಾರಿಗೆ ಹರಿದರೆ "ಒಳಗ್ ಹೋಗು, ಒಳಗ್ ಹೋಗು, ಬಾಗ್ಲಲ್ಲಿ ನಿಲ್ಬೇಡ" ಎಂದು ಬೆತ್ತದಿಂದ ತಿರುಗಿಸುತ್ತಿದ್ದರು. ಇಷ್ಟು ಸೋತು, ಇಷ್ಟು ಬೈದು, ಮರುದಿನ ಮತ್ತೆ ಕೊಡ ಹಿಡಿದು ಬಾವಿಗೆ ಹೋಗುವ ಮನುಷ್ಯನಿಗೆ ಕೈಗುಣ ಎಂಬ ಪುಕ್ಕಟೆ ಬಿರುದು ಕೊಟ್ಟರೆ ಅವರ ಬೆವರನ್ನೆಲ್ಲ ದೇವರ ಖಾತೆಗೆ ಹಾಕಿದಂತೆ.

ಇನ್ನು ಹವ್ಯಾಸ. ಅದಕ್ಕೆ ಉತ್ತರ ಕೊಡಬೇಕಾದರೆ ಮೊಗೆಕಾಯಿಯ ವಿಷಯ ಹೇಳಬೇಕು.

ಬೇರೆ ಕಡೆಯವರು ಸಾಂಬಾರು ಸೌತೆ ಅನ್ನುವುದನ್ನೇ ನಮ್ಮಲ್ಲಿ ಮೊಗೆಕಾಯಿ ಅನ್ನುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಬೀಜ ಹಾಕಿದರೆ ಬೇಸಿಗೆಯ ಕೊನೆಗೆ ಕಾಯಿ ಬಲಿಯುತ್ತದೆ. ಅದನ್ನು ಆಗಲೇ ತಿನ್ನುವುದಕ್ಕಲ್ಲ. ಬಾಳೆನಾರಿನಲ್ಲಿ ಕಟ್ಟಿ ಮನೆಯ ಜಂತಿಗೆ ತೂಗುಹಾಕುವುದು ನಮ್ಮ ಕಡೆಯ ರೂಢಿ. ಮಳೆಗಾಲದಲ್ಲಿ ಹಿತ್ತಲು ನೀರಲ್ಲಿ ನಿಂತು, ಮೀನುಪೇಟೆಯೂ ಬಂದ್ ಆದಾಗ ಅದೇ ಸಾರಿಗೆ. ಹಾಗಾಗಿ ಜೂನ್ ತಿಂಗಳಲ್ಲಿ ಯಾರ ಮನೆಗೆ ಹೋದರೂ ಹೆಂಗಸರ ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ. ಜಂತಿ ನೋಡಿ ಆ ಮನೆಯ ಬೇಸಿಗೆ ಹೇಗೆ ಹೋಯಿತೆಂದು ಅಳೆಯುತ್ತಾರೆ. ಮಾಮನ ಬೀಜ ಅವರ ತಾಯಿಯ ಕಾಲದ್ದು. ತೊಟ್ಟಿನ ಬುಡದಲ್ಲಿ ಹಳದಿ ಗೀಟುಗಳು ಸುತ್ತ ಹರಡಿ ನಕ್ಷತ್ರದ ಹಾಗೆ ಕಾಣುತ್ತಿದ್ದವು. ಬೇರೆಯವರ ಕಾಯಿ ಆಷಾಢದಲ್ಲೇ ಮೆತ್ತಗಾದರೆ ತಮ್ಮದು ಚೌತಿಯ ತನಕ ಕಲ್ಲಿನ ಹಾಗೆ ನಿಲ್ಲುತ್ತದೆ ಎಂದು ಅವರ ಜಂಬ. ಬೀಜವನ್ನು ಬೂದಿ ಬೆರೆಸಿದ ಸಗಣಿಯಲ್ಲಿ ಅದ್ದಿ, ಬಚ್ಚಲೊಲೆಯ ಮೇಲಿನ ಗೋಡೆಗೆ ತಟ್ಟಿ ಇಡುತ್ತಿದ್ದರು. ಹೊಗೆ ಕುಡಿದು ಅದು ವರ್ಷವಿಡೀ ಕೆಡದೆ ಉಳಿಯುತ್ತಿತ್ತು.

ಹಳೆಯ ಹಂಚಿನ ಮನೆ ಕೆಡವಿ ಸ್ಲ್ಯಾಬ್ ಹಾಕಿಸುವಾಗ ಅವರು ಮಾಡಿದ ಮೊದಲ ಗಲಾಟೆ ಇದಕ್ಕೇ. ಸ್ಲ್ಯಾಬಿಗೆ ಜಂತಿ ಎಲ್ಲಿ? ಜಗಲಿಯ ಮೇಲಿನ ಕಾಂಕ್ರೀಟಿನಲ್ಲಿ ಸಾಲಾಗಿ ಕಬ್ಬಿಣದ ಕೊಕ್ಕೆ ಹೂಳಿಸಬೇಕೆಂದು ಹಟ ಹಿಡಿದರು. ಗೌಂಡಿ ಸಾರಣೆಕರಣೆ ಕೆಳಗಿಟ್ಟು ಮೇಲೆ ನೋಡಿ, "ತೊಟ್ಲಿಗೆ ಒಂದು ಕೊಕ್ಕೆ ಸಾಕಲ್ಲ ಮಾಮಾ, ಇಷ್ಟ್ ಮಕ್ಕಳ್ನ ಹಡಿಯೂರು ಯಾರು?" ಎಂದನಂತೆ. ಮಾಮಿ ಒಳಗಿನಿಂದಲೇ, "ಅವ್ರನ್ನೇ ಕೇಳು, ಬಸರಾದೂರು ಅವ್ರೇ" ಎಂದರಂತೆ. ಇದು ಕೇಳಿದ್ದು. ಆದರೆ ಆ ಬೇಸಿಗೆಯ ಕೊನೆಗೆ ಕೊಕ್ಕೆಗಳೆಲ್ಲ ತುಂಬಿ, ಜಗಲಿಯಲ್ಲಿ ತಲೆ ತಗ್ಗಿಸಿ ನಡೆಯಬೇಕಾಗಿತ್ತೆಂಬುದು ನಾನೇ ಕಂಡದ್ದು. ಮಾಮ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಓಡಾಡುವವರೆಲ್ಲ ಕಾಣಲಿ ಎಂದು.

ಮುಂದೆ ಗದ್ದೆಯಂಚಿನಲ್ಲಿ ಹೋಂಸ್ಟೇ ಬಂತು. ಮಾಲೀಕ ಹೊರಗಿನವನೇನಲ್ಲ, ನಮ್ಮ ಊರಿನವನೇ. ಮುಂಬೈಯಲ್ಲಿ ಹೋಟೆಲ್ ನಡೆಸಿ ಬಂದವನು, ಎಲ್ಲರನ್ನೂ ಬಾಯಿ ತುಂಬ ಮಾಮಾ, ಮಾಮಿ ಎನ್ನುವವನು. ಸಮುದ್ರ ಅಲ್ಲಿಂದ ಕೂಗಳತೆಯಲ್ಲಿದೆ. ಅಂಥ ಮರಳು ನೆಲದಲ್ಲಿ ಅವನು ಹಸಿರು ಹುಲ್ಲುಹಾಸು ಹಾಕಿಸಿದ. ಹುಲ್ಲು ಬಾಡದಿರಲೆಂದು ಬೇಸಿಗೆಯಿಡೀ ಬೋರ್‌ವೆಲ್ಲಿನ ಪಂಪು ತಿರುಗಿತು. ಅದೇ ಬೇಸಿಗೆ ಮಾಮನ ಬಾವಿಯ ನೀರು ಉಪ್ಪಾಯಿತು.

ಇಲ್ಲಿ ನನ್ನ ಓದು ಅಡ್ಡ ಬರುತ್ತದೆ. ಎರಡು ಒಟ್ಟಿಗೆ ಆದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ. ಕರಾವಳಿಯ ಬಾವಿಗಳು ಏಪ್ರಿಲಿನಲ್ಲಿ ಸ್ವಲ್ಪ ಉಪ್ಪಾಗುವುದು ಮೊದಲೂ ಇತ್ತೇನೋ. ನನ್ನ ಬಾಲ್ಯದಲ್ಲಿ ಆ ಬಾವಿಯ ನೀರು ಎಳನೀರಿನ ಹಾಗಿತ್ತು ಎಂದು ನಾನು ಹೇಳಿದರೆ, ಅದು ನೀರಿನ ನೆನಪೋ ಬಾಲ್ಯದ ನೆನಪೋ ಗೊತ್ತಿಲ್ಲ. ಆದರೆ ಬಳ್ಳಿಗೆ ಇಂಥ ಸಂಶಯಗಳಿರಲಿಲ್ಲ. ಎಲೆಯ ಅಂಚು ಸುಟ್ಟ ಕಾಗದದ ಹಾಗೆ ಕಂದಿತು, ಹೂವು ಉದುರಿತು, ವಾರದೊಳಗೆ ಮಡಿ ಒಣಗಿತು.

ಮಾಮ ಮತ್ತೆ ಬೀಜ ಹಾಕಿದರು. ಅದೂ ಸತ್ತಿತು. ಗೋಡೆಯಿಂದ ಇನ್ನೊಂದು ತಟ್ಟು ಬಿಡಿಸಿದರು. ಮಾಮಿ ಅಡ್ಡ ನಿಂತದ್ದನ್ನು ನಾನು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದೇನೆ.

"ಒಂದ್ ತಟ್ಟಾದ್ರೂ ಉಳ್ಸಿ. ಮುಂದಿನ ವರ್ಷಕ್ಕೆ ಎಂತ ಮಾಡ್ತ್ರಿ?"

"ಬೀಜ ಎತ್ತಿಟ್ರೆ ಸೋತೆ ಅಂದಂಗೆ. ನಾ ಯಾಕೆ ಸೋಲ್ಲಿ? ಪಂಪ್ ನಿಲ್ಸೂದು ಅವ್ನು."

"ಪಂಪಿಗೆ ನಿಮ್ ಸಿಟ್ಟು ಗೊತ್ತಾಗೂದಿಲ್ಲ. ಸಾಯೂದು ಬೀಜ."

ಅವರು ಕೇಳಲಿಲ್ಲ. ಕೊನೆಯ ತಟ್ಟನ್ನೂ ಉಪ್ಪು ನೆಲಕ್ಕೆ ಹಾಕಿ, ಬಚ್ಚಲ ಗೋಡೆಯಲ್ಲಿ ದುಂಡನೆಯ ಬಿಳಿ ಕಲೆಗಳನ್ನಷ್ಟೇ ಉಳಿಸಿದರು. ಈ ಒಂದು ವಿಷಯಕ್ಕೆ ನನಗೆ ಅವರ ಮೇಲೆ ಇವತ್ತಿಗೂ ಕೋಪವಿದೆ. ತಾಯಿಯ ಬೀಜ, ಒಂದು ಇಡೀ ಮನೆತನದ ಮಳೆಗಾಲ, ಒಂದು ಹಟಕ್ಕೆ ಹೋಯಿತು. ಆದರೆ ಹವ್ಯಾಸಕ್ಕೆ ಹಿತ್ತಲು ಮಾಡುವವನು ಹೀಗೆ ಹಟ ಹಿಡಿಯುವುದಿಲ್ಲ ಎಂಬುದೂ ನನಗೆ ಗೊತ್ತು. ಹವ್ಯಾಸದವನು ಕುಂಡದಲ್ಲಿ ಗುಲಾಬಿ ನೆಡುತ್ತಾನೆ.

ಮಾಮ ಪಂಚಾಯ್ತಿಗೆ ಅಲೆದು ಅಲೆದ ಮೇಲೆ ಕೊನೆಗೆ ವಾರ್ಡಿನ ಮೆಂಬರು, ಒಬ್ಬ ಅಧಿಕಾರಿ, ಜೊತೆಗೆ ಹೋಂಸ್ಟೇ ಮಾಲೀಕ ಬಾವಿ ನೋಡಲು ಬಂದರು. ಬಿರುಬಿಸಿಲಿನ ಮಧ್ಯಾಹ್ನ. ಮಾಮ ಬಾವಿಯ ಕಡೆಗೆ ಕರೆದೊಯ್ಯದೆ ಜಗಲಿಯಲ್ಲಿ ಕೂರಿಸಿ, "ಮೊದ್ಲು ತಂಪು ಮಾಡ್ಕಳಿ" ಎಂದರು. ಮಾಮಿ ಲೋಟಗಳಲ್ಲಿ ಸೋಲ್‌ಕಡಿ ತಂದರು. ಕೋಕಂ ಹುಳಿ ಹಿಂಡಿ, ತೆಂಗಿನ ಹಾಲು ಬೆರೆಸಿ, ಬೆಳ್ಳುಳ್ಳಿ, ಹಸಿಮೆಣಸು ಜಜ್ಜಿ ಹಾಕಿದ ಗುಲಾಬಿ ಬಣ್ಣದ ಕಡಿ. ಮೆಂಬರು ಒಂದೇ ಉಸಿರಿಗೆ ಕುಡಿದು ಮೀಸೆ ಒರೆಸಿಕೊಂಡ.

"ಮಾಮಿ, ಕಡಿ ಅಂದ್ರೆ ಇದು. ಉಪ್ಪು, ಹುಳಿ, ಖಾರ ಎಲ್ಲಾ ಹದ. ಇನ್ನೊಂದ್ ಲೋಟ ಕೊಡಿ."

ಮಾಮ ಎದ್ದು ನಿಂತರು. "ಉಪ್ಪು ಸರಿ ಇತ್ತನಾ?"

"ಪಾಯಿಂಟ್ ಟು ಪಾಯಿಂಟ್ ಮಾಮಾ."

"ಈ ಮನೇಲಿ ಇವತ್ತು ಉಪ್ಪಿನ ಡಬ್ಬಿ ಮುಚ್ಚಳ ತೆಗ್ದದ್ದೇ ಇಲ್ಲ! ಬಾವಿ ನೀರಲ್ಲಿ ಮಾಡಿದ್ದು. ಉಪ್ಪು ಹಾಕಿದ್ದು ಯಾರು ಗೊತ್ತನಾ? ಅಗೋ, ಅಲ್ಲಿ ಗುರುಗುಡ್ತಾ ಇದೆಯಲ್ಲ, ಆ ಪಂಪು!"

ಅಧಿಕಾರಿ ಲೋಟವನ್ನು ಕೆಳಗಿಟ್ಟು, ಇದು ಮನೆಯ ಹಿತ್ತಲು, ಬೆಳೆಹಾನಿ ಎಂದು ಬರುವುದಿಲ್ಲ, ಕುಡಿಯಲು ನಳದ ನೀರಿದೆ, ತರಕಾರಿ ಅಂಕೋಲೆಯಲ್ಲಿ ಸಿಗುತ್ತದೆ, ನಿಮ್ಮ ಹವ್ಯಾಸಕ್ಕೆ ಇಲಾಖೆ ಏನು ಮಾಡಲಾದೀತು ಎಂದ. ಹೋಂಸ್ಟೇ ಮಾಲೀಕ ನಗುತ್ತಾ, "ಮಾಮಾ, ಈ ಕಡಿ ನಮ್ಮ ಗೆಸ್ಟುಗಳಿಗೂ ಮಾಡ್ಸಿ ಕೊಡಿ, ಫೇಮಸ್ ಆಗ್ತದೆ" ಎಂದ. ಮೆಂಬರು ಎರಡನೆಯ ಲೋಟವನ್ನೂ ಮುಗಿಸಿಯೇ ಎದ್ದ. ಪಂಪು ಅವತ್ತೂ ನಿಲ್ಲಲಿಲ್ಲ, ಮರುದಿನವೂ ನಿಲ್ಲಲಿಲ್ಲ. ಸಾಕ್ಷಿ ಬೇಕು, ಸಾಕ್ಷಿ ಬೇಕು ಎನ್ನುತ್ತಾರೆ. ಸಾಕ್ಷಿಯನ್ನೇ ಕುಡಿದು, ರುಚಿಯಾಗಿದೆ ಎಂದು ಬಾಯಿ ಚಪ್ಪರಿಸಿ ಹೋದವರನ್ನು ಏನು ಮಾಡುವುದು?

ಈ ದೃಶ್ಯವನ್ನು ನಾನು ಕಣ್ಣಾರೆ ಕಂಡವನ ಹಾಗೆ ಎಷ್ಟೋ ಕಡೆ ಹೇಳಿದ್ದೇನೆ. ಬರೆಯುವ ಮೊದಲು ಮಾಮಿಯ ಹತ್ತಿರ ಕೇಳಿ ನೋಡಿದೆ. "ನೀ ಎಲ್ಲಿದ್ಯೋ ಅವತ್ತು? ಕಾರವಾರದಲ್ಲಿ ಆಫೀಸಿಗೆ ಹೋಗಿದ್ದೆ. ಸಂಜೆ ಬಂದು ಉಳದ್ ಕಡಿ ಕುಡ್ದದ್ದು ನೀನು" ಎಂದರು. ಇರಬಹುದು. ಮೆಂಬರಿನ ಮೀಸೆ, ಅಧಿಕಾರಿಯ ಲೋಟ ನನ್ನ ಕಲ್ಪನೆಯೇ ಇರಬಹುದು. ಆದರೆ ತಳದಲ್ಲಿ ಉಳಿದ ಆ ಕಡಿಯ ಉಪ್ಪು ನನ್ನ ನಾಲಗೆಯದು. ಅದನ್ನು ಯಾರೂ ಕಸಿಯಲಾರರು.

ಮುಂದಿನ ಬೇಸಿಗೆ ಅವರು ನಳದ ನೀರು ಹಿಡಿದಿಟ್ಟು ಹರಿವೆಯನ್ನಷ್ಟೇ ಬೆಳೆದರು. ಮೊಗೆಕಾಯಿಯ ಮಡಿ ಖಾಲಿ, ಜಗಲಿಯ ಕೊಕ್ಕೆಗಳು ಖಾಲಿ. ಪೇಟೆಯ ಬೀಜ ತಂದುಕೊಡುತ್ತೇನೆಂದರೆ, "ಅದು ಬೇರೆ ರೂಟಿನ ಬಸ್ಸು ಮಾರಾಯಾ, ನಮ್ಮೂರಿಗೆ ಬರೂದಿಲ್ಲ" ಎಂದರು. ಕುರ್ಚಿಯನ್ನು ಜಗಲಿಯಿಂದ ಒಳಗೆ ಹಾಕಿಕೊಂಡರು. ಬಂದವರು ಮೇಲೆ ನೋಡುತ್ತಾರಲ್ಲ.

ಆ ಮಳೆಗಾಲದ ಆರಂಭದಲ್ಲಿ ಹೋಂಸ್ಟೇಯವನು ತನ್ನ ಹಂಚಿನ ಚಾವಡಿಯ ಜಂತಿಗೆ ಸಾಲಾಗಿ ಮೊಗೆಕಾಯಿ ತೂಗುಹಾಕಿಸಿದ. ತಿನ್ನುವುದಕ್ಕಲ್ಲ, ನೋಡುವುದಕ್ಕೆ. ಅಂಕೋಲೆಯ ಪೇಟೆಯಲ್ಲಿ ಬುಟ್ಟಿಗಟ್ಟಲೆ ಕೊಂಡು ತಂದದ್ದು. ಪ್ರವಾಸಿಗರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬಾವಿ ಕೆಡಿಸಿದವನ ಮನೆಯಲ್ಲಿ ಮೊಗೆಕಾಯಿ ಸಿಂಗಾರ! ಸುದ್ದಿ ಕೇಳಿದ ಮಾಮ ಕೊಡೆಯನ್ನೂ ಮರೆತು ಮಳೆಯಲ್ಲೇ ಹೊರಟರು. ಇವತ್ತು ಹೊಡೆದಾಟವೇ ಎಂದು ನಾನು ಹಿಂದೆ ಓಡಿದೆ. ಇದು ಕಂಡದ್ದು, ಮಾಮಿಯೂ ಒಪ್ಪುತ್ತಾರೆ.

ಚಾವಡಿಗೆ ಹತ್ತಿ, ನೀರು ಸುರಿಯುವ ತಲೆಯನ್ನು ಮೇಲೆತ್ತಿ ನೋಡಿದರು. ಸಾಲಿನುದ್ದಕ್ಕೂ ಒಂದು ಸಲ ನಡೆದರು. ಆಮೇಲೆ, "ಯಾರು ಕಟ್ಟಿದ್ದು ಇದು?" ಎಂದರು.

ಮಾಲೀಕ ಹೆದರಿದ್ದ. "ಕೆಲಸದವ್ರು ಮಾಮಾ. ಯಾಕೆ?"

"ತೊಟ್ಟಿಗೆ ಪ್ಲಾಸ್ಟಿಕ್ ದಾರ ಬಿಗ್ದಿದ್ರಲ್ಲ, ಕಾಯಿಗೆ ಏನು ನೇಣು ಹಾಕೂದನಾ? ಒಂದಕ್ಕೊಂದು ತಾಗ್ತಾ ಇದೆ. ಎಂಟು ದಿನಕ್ಕೆ ಕೊಳೀತದೆ. ಬಾಳೆನಾರು ತಾ. ಸ್ಟೂಲು ತಾ."

ಸಂಜೆಯವರೆಗೆ ಸ್ಟೂಲಿನ ಮೇಲೆ ನಿಂತು ಅಷ್ಟನ್ನೂ ಬಿಚ್ಚಿ, ಒಂದೊಂದಕ್ಕೂ ನಾರಿನ ಉರಿ, ಎಂದರೆ ತೂಗುವ ಕುಣಿಕೆ, ಮಾಡಿ, ಹೊಟ್ಟೆಗೆ ಆಸರೆ ಕೊಟ್ಟು, ಒಂದಕ್ಕೊಂದು ತಾಗದ ಹಾಗೆ ಕಟ್ಟಿದರು. ನಾನು ಕೆಳಗೆ ನಿಂತು ಕುದಿಯುತ್ತಿದ್ದೆ. ದಾರಿಯಲ್ಲಿ ಬರುತ್ತಾ ತಡೆಯಲಾರದೆ ಕೇಳಿದೆ, ಆ ಮನುಷ್ಯನಿಗೆ ಯಾಕೆ ಸೇವೆ ಮಾಡಿದಿರಿ ಎಂದು. "ಅವ್ನು ಮಾಡಿದ್ದು ಅವ್ನ ತಪ್ಪು. ಕಾಯಿ ಏನ್ ತಪ್ ಮಾಡಿತ್ತೋ?" ಎಂದರು. ನಾನು ಆ ಉತ್ತರವನ್ನು ಅವತ್ತು ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪಿಲ್ಲ.

ಆದರೆ ಅವರ ಮುಖದಲ್ಲಿ ಬೇರೇನೋ ಇತ್ತು. ಮನೆಯ ಗೇಟಿನ ಹತ್ತಿರ ನಿಂತು ಹೇಳಿದರು. ಆ ಕಾಯಿಗಳ ನಡುವೆ ಒಂದರ ತೊಟ್ಟಿನ ಬುಡದಲ್ಲಿ ನಕ್ಷತ್ರವಿತ್ತಂತೆ. ರಾಮನಗುಳಿ ರೂಟಿನಲ್ಲಿದ್ದಾಗ ಅಗಸೂರಿನಿಂದ ಬುಟ್ಟಿ ಹೊತ್ತು ಬಸ್ಸು ಹತ್ತುತ್ತಿದ್ದ ತರಕಾರಿಯವಳೊಬ್ಬಳಿಗೆ ಅವರು ಬೀಜ ಕೊಟ್ಟಿದ್ದರಂತೆ. "ಬುಟ್ಟಿ ಲಗೇಜಿಗೆ ದಿನಾ ಜಗಳ ಮಾಡ್ತಿದ್ಲು. ಬಾಯಿ ಮುಚ್ಸೂಕೆ ಕೊಟ್ಟದ್ದು. ಅವ್ಳ ಗದ್ದೇಲಿ ಉಳ್ದಿದೆ ನೋಡು." ನಾನು ಇನ್ನಷ್ಟು ನಾರು ತರಲು ಹೋದಾಗ ಮಾಲೀಕನ ಹತ್ತಿರ ಆ ಒಂದು ಕಾಯಿ ಕೇಳಿದ್ದರಂತೆ, ಬೀಜಕ್ಕೆ. "ಈಗ ತೆಗೆದ್ರೆ ಸಾಲು ಬೋಳಾಗ್ತದೆ ಮಾಮಾ, ಸೀಸನ್ ಮುಗೀಲಿ" ಎಂದನಂತೆ ಅವನು. ಇಡೀ ಸಾಲನ್ನು ಕಟ್ಟಿಕೊಟ್ಟವರಿಗೆ ಒಂದು ಕಾಯಿ ಇಲ್ಲ!

ನಾನು ಎಲ್ಲ ಮೊಗೆಕಾಯಿಗೂ ಗೀಟು ಇರುತ್ತದಲ್ಲ ಎಂದೆ. "ಚೌತಿ ತನಕ ನೋಡ್ವ" ಎಂದರು. "ನಮ್ದಾದ್ರೆ ನಿಲ್ತದೆ."

ಚೌತಿಯನ್ನು ಅವರು ನೋಡಲಿಲ್ಲ. ಶ್ರಾವಣದ ಒಂದು ಬೆಳಗ್ಗೆ ಹಲ್ಲುಜ್ಜಲು ಬಚ್ಚಲ ಕಡೆಗೆ ಹೋದವರು ಅಲ್ಲೇ ಗೋಡೆಗೆ ಒರಗಿ ಕೂತರು, ಏಳಲಿಲ್ಲ. ಅವತ್ತು ನವಿಲುಗಳು ಹಿತ್ತಲಲ್ಲಿ ಆರಾಮಾಗಿ ತಿರುಗಿದವು. ಹನ್ನೆರಡನೆಯ ದಿನದ ಊಟಕ್ಕೆ ಬಂದವರು ಎಲೆಯ ಮುಂದೆ ಕೂತು ಕೈಗುಣ, ಹವ್ಯಾಸ ಎನ್ನುತ್ತಿದ್ದರು. ಹೋಂಸ್ಟೇ ಮಾಲೀಕನೂ ಬಂದಿದ್ದ, ಕಣ್ಣಲ್ಲಿ ನೀರು ತಂದುಕೊಂಡಿದ್ದ. ನಿಜವಾದ ನೀರೇ ಇರಬಹುದು. ನಾನು ಎಲೆ ಬಿಟ್ಟೆದ್ದು, ಅವನ ಎದುರು ನಿಂತು, "ಆ ಕಾಯಿ ಕೊಡು" ಎಂದೆ. ಪಂಕ್ತಿಯೇ ನನ್ನನ್ನು ನೋಡಿತು. ಅವನು ಎದ್ದು ಕೈ ತೊಳೆದು ಕರೆದುಕೊಂಡು ಹೋದ. ಚಾವಡಿಯಲ್ಲಿ ಉಳಿದವೆಲ್ಲ ಒಂದೊಂದಾಗಿ ಕೊಳೆತು ಇಳಿದಿದ್ದವು. ಅದೊಂದು ತೂಗುತ್ತಿತ್ತು. ಅಡುಗೆಮನೆಯ ಹೊಗೆ ತಾಗುವ ಜಾಗದಲ್ಲಿತ್ತು ಎಂಬುದನ್ನೂ ನಾನು ಗಮನಿಸಿದೆ. ಉಳಿದದ್ದಕ್ಕೆ ಅದೇ ಕಾರಣವೂ ಇರಬಹುದು.

ಮಾಮಿ ಅದನ್ನು ಹೆಚ್ಚಿ, ಸಾರು ಮಾಡಿ, ಬೀಜವನ್ನು ಬೂದಿ ಸಗಣಿಯಲ್ಲಿ ಅದ್ದಿ ಅದೇ ಬಚ್ಚಲ ಗೋಡೆಯ ಬಿಳಿ ಕಲೆಗಳ ಮೇಲೆಯೇ ತಟ್ಟಿದರು. ಸಂಕ್ರಾಂತಿ ಕಳೆದಾಗ ನನಗೊಂದು ತಟ್ಟು ಬಿಡಿಸಿ ಕೊಟ್ಟರು. ಇನ್ನೊಂದನ್ನು ಮುಟ್ಟಲಿಲ್ಲ. "ಅದು ಗೋಡೆ ಮೇಲೇ ಇರ್ಲಿ. ಅವ್ರ ಬುದ್ಧಿ ನಮ್ಗೆ ಬೇಡ" ಎಂದರು.

ಅಷ್ಟರಲ್ಲಿ ನಾನು ಆಫೀಸಿನ ಹತ್ತಿರ, ಕಾರವಾರದಲ್ಲಿ, ಬಾಡಿಗೆ ಮನೆ ಮಾಡಿದ್ದೆ. ಅದರ ಹಿತ್ತಲು ನಾಲ್ಕು ಜನ ನಿಂತರೆ ತುಂಬುತ್ತದೆ. ಅಲ್ಲಿ ಹಾಕಿದೆ. ಬಹಳ ದಿನ ಬರೀ ಗಂಡು ಹೂವು ಬಿಟ್ಟು ಬಳ್ಳಿ ನನ್ನನ್ನು ಆಡಿಸಿತು. ಎಲೆಯ ಹುಳ ಆರಿಸುತ್ತಾ ನಾನೂ ಅದಕ್ಕೆ ಬೈಯುವುದನ್ನು ಕಲಿತೆ. ಕೊನೆಗೆ ಎರಡು ಕಾಯಿ ಹಿಡಿಯಿತು. ಒಂದನ್ನು ಹೆಗ್ಗಣ ತಿಂದಿತು. ಇನ್ನೊಂದು ಬಲಿತಾಗ ಮಾಮಿಯನ್ನು ಕರೆತಂದು ತೋರಿಸಿದೆ. ತೊಟ್ಟಿನ ಬುಡವನ್ನು ಸೆರಗಿನಿಂದ ಒರೆಸಿ, ಬೆಳಕಿಗೆ ತಿರುಗಿಸಿ ನೋಡಿದರು. ಅದು ಅವರದೇ ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. "ತೂಗುಹಾಕು" ಎಂದರು.

ಬಾಡಿಗೆ ಮನೆಯ ಸ್ಲ್ಯಾಬಿನಲ್ಲಿ ಫ್ಯಾನಿನ ಕೊಕ್ಕೆ ಬಿಟ್ಟರೆ ಬೇರೆ ಕೊಕ್ಕೆಯಿಲ್ಲ. ಫ್ಯಾನು ಬಿಚ್ಚಿಸಿ ಮಂಚದ ಕೆಳಗೆ ತಳ್ಳಿದೆ. ಸ್ಟೂಲಿನ ಮೇಲೆ ನಿಂತು, ಬಾಳೆನಾರಿನ ಉರಿ ಮಾಡಿ, ಹೊಟ್ಟೆಗೆ ಆಸರೆ ಕೊಟ್ಟು ಕಟ್ಟಿದೆ. ಮಾಮ ಕಟ್ಟುತ್ತಿದ್ದದ್ದು ಹೀಗೆಯೇ, ಅಥವಾ ಹೀಗೆಯೇ ಎಂದು ನನ್ನ ನೆನಪು. ಈಗ ಆಷಾಢ. ಹೊರಗೆ ಮಳೆ, ಒಳಗೆ ಸೆಕೆ. "ನಿಮ್ಮ ಮಾಮ ಸಾಯೂ ತನಕ ನವಲಿಗೆ ಕಾಟ ಕೊಟ್ರು, ಸತ್ತ ಮೇಲೆ ನಮಗೆ" ಎಂದು ಹೆಂಡತಿ ಬೀಸಣಿಗೆ ಬೀಸಿಕೊಳ್ಳುತ್ತಾಳೆ. ಆದರೂ ಬೆಳಗ್ಗೆ ನನಗಿಂತ ಮೊದಲು ತಲೆಯೆತ್ತಿ ನೋಡುವವಳು ಅವಳೇ.

ಮೊನ್ನೆ ಆಫೀಸಿನವರೊಬ್ಬರು ಮನೆಗೆ ಬಂದಿದ್ದರು. ಮೇಲೆ ನೋಡಿ, "ಓ, ಗಾರ್ಡನಿಂಗ್ ಹವ್ಯಾಸವೋ?" ಎಂದರು. ಫ್ಯಾನಿಲ್ಲದ ಕೋಣೆಯಲ್ಲಿ, ಸರಿಯಾಗಿ ಅದರ ಕೆಳಗೇ ಕುರ್ಚಿ ಹಾಕಿ ಕೂರಿಸಿ, ಕಂಡಕ್ಟರ್ ಮಾಮನ ಕಥೆಯನ್ನು ಮೊದಲಿನಿಂದ ಹೇಳಿದೆ. ಅವರ ಅಂಗಿ ಒದ್ದೆಯಾಗುವ ತನಕ ಬಿಡಲಿಲ್ಲ. ಅವರನ್ನು ಕಳಿಸಿ ಬಂದು ಸ್ಟೂಲು ಹತ್ತಿದೆ, ತೊಟ್ಟಿನ ಪಕ್ಕದಲ್ಲಿ ಹೆಬ್ಬೆರಳಿಂದ ಒತ್ತಿ ನೋಡಿದೆ.

ಕಲ್ಲಿನ ಹಾಗಿದೆ. ಚೌತಿಗೆ ಇನ್ನೂ ದಿನ ಇದೆ.